ಕಡಲಾಚೆಯ ಓದು ಮತ್ತು ಕೂಲಿಕಾರನ ಮನೆ

ಆಗಸ್ಟ್ ತಿಂಗಳ ಯಾವ ರಾತ್ರಿಯಾದರೂ ಹೆಬ್ಬಾಳದ ಮೇಲುಸೇತುವೆಯ ಬಳಿ ನಿಂತು ನೋಡಿ. ದೇವನಹಳ್ಳಿಯ ವಿಮಾನ ನಿಲ್ದಾಣದ ಕಡೆಗೆ ಕಾರುಗಳು ಸಾಲುಗಟ್ಟಿ ಹೋಗುತ್ತಿರುತ್ತವೆ. ಅವುಗಳಲ್ಲಿ ಎಷ್ಟೋ ಸಂಸಾರಗಳು ಓದಲು ಹೊರಟ ಮಕ್ಕಳನ್ನು ಬೀಳ್ಕೊಡಲು ಹೊರಟಿರುತ್ತವೆ. ಅದೇ ಹೊತ್ತಿನಲ್ಲಿ ಯಲಹಂಕದ ರೈಲುಗಾಲಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ನಡೆದಿರುತ್ತದೆ. ಯಶವಂತಪುರದ ಯಾರ್ಡಿನಲ್ಲಿ ಹಮಾಲಿ ಲಾರಿಯಿಂದ ಮೂಟೆ ಇಳಿಸುತ್ತಿರುತ್ತಾನೆ. ಅವರ ಮನೆಗಳಲ್ಲಿಯೂ ಓದುವ ಮಕ್ಕಳಿದ್ದಾರೆ. ಒಳ್ಳೆಯ ಅಂಕ ತೆಗೆದವರೂ ಇದ್ದಾರೆ. ಆದರೆ ಆ ಕಾರುಗಳಲ್ಲಿ ಅವರು ಕಾಣುವುದು ಅಪರೂಪ.

ಇದು ಹಣದ ಅಂತರವೆಂದು ಎಲ್ಲರೂ ಬಲ್ಲರು. ಇದು ತಿಳುವಳಿಕೆಯ ಅಂತರವೂ ಹೌದು, ಕಾಲದ ಅಂತರವೂ ಹೌದು ಎಂಬುದನ್ನು ಈ ವಾರ ಹೇಳಬಯಸುತ್ತೇವೆ.

ಯಶವಂತಪುರದಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿರುವ ನಮ್ಮ ವಾಚಕರೊಬ್ಬರು ಇತ್ತೀಚೆಗೆ ಮಗಳ ಕಾಗದಪತ್ರಗಳ ಚೀಲ ಹಿಡಿದು ನಮ್ಮ ಕಚೇರಿಗೆ ಬಂದಿದ್ದರು. ಮಗಳು ಬಿ.ಎಸ್‌ಸಿ.ಯಲ್ಲಿ ಮೊದಲ ದರ್ಜೆ. ಎಂ.ಎಸ್‌ಸಿ.ಯನ್ನು ಹೊರದೇಶದಲ್ಲಿ ಓದಬೇಕೆಂಬ ಆಸೆ. ಏಜೆಂಟನೊಬ್ಬ ಫೈಲಿನ ಖರ್ಚೆಂದು ಹಣ ಪಡೆದು, ಅವಳು ಹೆಸರೇ ಕೇಳಿರದ ಕಾಲೇಜೊಂದರಲ್ಲಿ ಸೀಟು ಕೊಡಿಸಿದ. ವಿದ್ಯಾರ್ಥಿವೇತನದ ಮಾತೆತ್ತಿದರೆ, ಅದರ ಕೊನೆಯ ತಾರೀಖು ಕಳೆದು ಆರು ತಿಂಗಳಾಗಿತ್ತು. ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಆಸ್ತಿಯ ಪತ್ರ ಕೇಳಿದರು. ಇವರದು ಬಿ ಖಾತಾ ನಿವೇಶನ, ಬ್ಯಾಂಕು ಒಪ್ಪಲಿಲ್ಲ. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು: "ಸ್ವಾಮಿ, ಈ ತಾರೀಖುಗಳನ್ನೆಲ್ಲ ನಮಗೆ ಯಾರು ಹೇಳಬೇಕಾಗಿತ್ತು?"

ಈ ಪ್ರಶ್ನೆಯನ್ನು ನಾವು ಸರ್ಕಾರದ ಮುಂದೆ ಇಡುತ್ತೇವೆ.

ಹೊರದೇಶದ ಓದು ಸೀಟು ಸಿಕ್ಕಿದ ದಿನ ಆರಂಭವಾಗುವುದಲ್ಲ. ಸೆಪ್ಟೆಂಬರಿನಲ್ಲಿ ತರಗತಿಗೆ ಕೂರಬೇಕಾದರೆ ಹಿಂದಿನ ವರ್ಷದ ಬೇಸಿಗೆಯಲ್ಲಿಯೇ ಕೆಲಸ ಹಿಡಿಯಬೇಕು. ಪಾಸ್‌ಪೋರ್ಟು ಮಾಡಿಸಬೇಕು. ವಿಶ್ವವಿದ್ಯಾನಿಲಯದಿಂದ ಮೊಹರು ಹಾಕಿದ ಅಂಕಪಟ್ಟಿಗಳನ್ನು ಪಡೆಯಬೇಕು. ಬೆಂಗಳೂರು ವಿಶ್ವವಿದ್ಯಾನಿಲಯ ಮೂರಾಗಿ ಒಡೆದ ಮೇಲೆ ಯಾವ ಕಾಗದ ಯಾವ ಕಚೇರಿಯಲ್ಲಿ ಎಂದು ಅಲೆಯುವುದಕ್ಕೇ ವಾರಗಳು ಬೇಕು. ಇಂಗ್ಲಿಷಿನ ಐಇಎಲ್‌ಟಿಎಸ್ ಪರೀಕ್ಷೆಗೆ ಒಂದು ಸಲ ಕೂರಲು ಸುಮಾರು 18 ಸಾವಿರ ರೂಪಾಯಿ. ಅದರ ಫಲಿತಾಂಶ ಎರಡು ವರ್ಷ ನಡೆಯುತ್ತದೆ. ಪಾಠ ಹೇಳಿದ ಮೇಷ್ಟ್ರುಗಳಿಂದ ಶಿಫಾರಸು ಪತ್ರ ಬೇಕು. ಬ್ರಿಟನ್ನಿನ ಚೀವ್ನಿಂಗ್, ಕಾಮನ್‌ವೆಲ್ತ್ ಮೊದಲಾದ ವೇತನಗಳಿಗೆ ಬಹುಮಟ್ಟಿಗೆ ಅಕ್ಟೋಬರಿನ ಹೊತ್ತಿಗೆ ಅರ್ಜಿ ಮುಚ್ಚಿಹೋಗುತ್ತದೆ, ಅಂದರೆ ತರಗತಿಗೆ ಹನ್ನೊಂದು ತಿಂಗಳು ಮೊದಲೇ. ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳು ಡಿಸೆಂಬರ್, ಜನವರಿಗೆ ಬಾಗಿಲು ಹಾಕುತ್ತವೆ.

ಉಳ್ಳವರ ಮನೆಯ ಹುಡುಗನಿಗೆ ಇದೆಲ್ಲ ಊಟದ ಹೊತ್ತಿನ ಮಾತು. ಚಿಕ್ಕಪ್ಪ ಹೋಗಿ ಬಂದಿರುತ್ತಾನೆ, ಅಕ್ಕ ಅಲ್ಲಿಯೇ ಇರುತ್ತಾಳೆ. ಕೂಲಿಕಾರನ ಮನೆಯ ಹುಡುಗನಿಗೆ ಸುದ್ದಿ ತಲುಪುವುದು ಕೊನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ, ಅದೂ ಏಜೆಂಟನ ಬಾಯಿಂದ. ಏಜೆಂಟನಾದರೂ ಯಾರ ಕಡೆಯವನು? ಹೊರದೇಶದ ಅನೇಕ ಕಾಲೇಜುಗಳು ಹುಡುಗನೊಬ್ಬನನ್ನು ಸೇರಿಸಿದರೆ ಇಷ್ಟು ಎಂದು ಅವನಿಗೆ ಕಮಿಷನ್ ಕೊಡುತ್ತವೆ. "ಸಲಹೆ ಉಚಿತ" ಎಂಬ ಬೋರ್ಡಿನ ಹಿಂದಿರುವ ಲೆಕ್ಕ ಇದು. ಕಮಿಷನ್ ಕೊಡದ ಒಳ್ಳೆಯ ವಿಶ್ವವಿದ್ಯಾನಿಲಯದ ಹೆಸರನ್ನು ಅವನೇಕೆ ಹೇಳುತ್ತಾನೆ? 2023ರಲ್ಲಿ ಕೆನಡಾದಲ್ಲಿ ನಮ್ಮ ದೇಶದ ನೂರಾರು ವಿದ್ಯಾರ್ಥಿಗಳು, ಬಹುಪಾಲು ಪಂಜಾಬಿನವರು, ಏಜೆಂಟರು ಕೊಡಿಸಿದ ಪ್ರವೇಶಪತ್ರಗಳು ನಕಲಿಯೆಂದು ತಿಳಿದು ಗಡೀಪಾರಿನ ಭಯದಲ್ಲಿ ಬೀದಿಗಿಳಿದದ್ದನ್ನು ನಾವು ಮರೆಯುವಂತಿಲ್ಲ. ಅವರಲ್ಲಿ ಹಲವರ ಮನೆಯವರು ಹೊಲ ಮಾರಿ ಹಣ ಕಟ್ಟಿದ್ದರು.

ಸಾಲದ ಸಂಗತಿಯನ್ನು ನೋಡೋಣ. ಸರ್ಕಾರಿ ಬ್ಯಾಂಕುಗಳು ಅನುಸರಿಸುತ್ತಾ ಬಂದಿರುವ ಮಾದರಿ ಯೋಜನೆಯಂತೆ ಏಳೂವರೆ ಲಕ್ಷಕ್ಕಿಂತ ಹೆಚ್ಚಿನ ಸಾಲಕ್ಕೆ ಆಸ್ತಿಯ ಆಧಾರ ಬೇಕು. ಹೊರದೇಶದ ಓದಾದರೆ ಖರ್ಚಿನ ನೂರಕ್ಕೆ ಹದಿನೈದು ಭಾಗವನ್ನು ಮನೆಯವರೇ ಹೊರಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲವೆಂಬುದು ನಿಜ. ಆದರೆ ಅಲ್ಲಿಗೂ ಹೋಗುವ ಮೊದಲು ಒಂದು ವರ್ಷದ ಜೀವನವೆಚ್ಚವನ್ನು ಮೀಸಲು ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು. ನಮ್ಮ ಹಣದಲ್ಲಿ ಅದು ಹನ್ನೊಂದು ಲಕ್ಷ ರೂಪಾಯಿಗೂ ಮೇಲೆ. ಏಳೂವರೆ ಲಕ್ಷದ ಗೆರೆ ಇಲ್ಲಿಯೇ ದಾಟಿಹೋಯಿತು. ಯಲಹಂಕ, ಹೆಬ್ಬಾಳಗಳ ಸುತ್ತ ಇಪ್ಪತ್ತು ಮೂವತ್ತರ ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿಕೊಂಡವನ ಪತ್ರವನ್ನು ಬ್ಯಾಂಕು ತಳ್ಳಿದರೆ, ಅವನು ಬಡ್ಡಿ ವ್ಯಾಪಾರಿಯ ಬಾಗಿಲಿಗೆ ಹೋಗುತ್ತಾನೆ. ಬ್ರಿಟನ್ನಿನ ವೀಸಾಕ್ಕೆ ಖಾತೆಯಲ್ಲಿ 28 ದಿನ ಹಣ ಇರಬೇಕೆಂಬ ನಿಯಮವಿದೆ. ಆ 28 ದಿನಕ್ಕೆ ಮಾತ್ರ ಹಣ ಇಟ್ಟು ಬಡ್ಡಿ ಎಣಿಸುವ ಕಸುಬೇ ಹುಟ್ಟಿಕೊಂಡಿದೆ. ಹಣ ತೋರಿಸಿದ್ದಾಯಿತು, ವೀಸಾ ಬಂತು. ಅಲ್ಲಿಗೆ ಹೋದ ಮೇಲೆ ಮಗ ಏನು ತಿನ್ನಬೇಕು?

ಕೇಂದ್ರ ಸರ್ಕಾರದ ಧೋರಣೆ ಇನ್ನೂ ವಿಚಿತ್ರ. ಅಲ್ಪಸಂಖ್ಯಾತರ ಮಕ್ಕಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ರಿಯಾಯಿತಿ ನೀಡುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನು 2022-23ರಿಂದ ನಿಲ್ಲಿಸಲಾಯಿತು. 2024ರ ನವೆಂಬರಿನಲ್ಲಿ ಬಂದ 'ವಿದ್ಯಾಲಕ್ಷ್ಮಿ' ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕೂಲಿಕಾರರ ಮಕ್ಕಳಿಗಾಗಿ 1954-55ರಲ್ಲಿಯೇ ಆರಂಭವಾದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೊಂದು ಉಂಟು. ಇಷ್ಟು ದೊಡ್ಡ ದೇಶಕ್ಕೆ ವರ್ಷಕ್ಕೆ 125 ಸ್ಥಾನ. ಅದರಲ್ಲಿಯೂ 2025ರಲ್ಲಿ 106 ಮಂದಿಯನ್ನು ಆರಿಸಿ, ಜುಲೈ ತಿಂಗಳಲ್ಲಿ 40 ಮಂದಿಗೆ ಮಾತ್ರ ಪತ್ರ ಕೊಟ್ಟು, ಉಳಿದ 66 ಮಂದಿಗೆ ಹಣ ಒದಗಿದರೆ ನೋಡೋಣ ಎಂದರು. ಆಮೇಲೆ ಕೊಟ್ಟರೂ ಏನು ಬಂತು? ಸೆಪ್ಟೆಂಬರಿನ ತರಗತಿ ದೆಹಲಿಯ ಕಡತಕ್ಕಾಗಿ ಕಾಯುವುದಿಲ್ಲ.

ನಡುದಾರಿಯಲ್ಲಿ ವೇತನ ನಿಂತರೆ ಏನಾಗುತ್ತದೆಂಬುದನ್ನು ಈ ದೇಶ ಒಮ್ಮೆ ಕಂಡಿದೆ. 1913ರಲ್ಲಿ ಬರೋಡ ಸಂಸ್ಥಾನದ ನೆರವಿನಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ ಡಾ. ಅಂಬೇಡ್ಕರರು, ವೇತನದ ಅವಧಿ ಮುಗಿದುದರಿಂದ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಹಣ ಹೊಂದಿಸಿಕೊಂಡು ಮತ್ತೆ ಹೋಗುವ ಹೊತ್ತಿಗೆ 1920 ಆಗಿತ್ತು. ಅಂಥ ಛಲ ಎಲ್ಲರಲ್ಲಿಯೂ ಇರಬೇಕೆಂದು ಸರ್ಕಾರ ನಿರೀಕ್ಷಿಸುವುದು ನ್ಯಾಯವಲ್ಲ.

ನಮ್ಮ ಪಕ್ಕದ ಊರಿನದೇ ಇನ್ನೊಂದು ನಿದರ್ಶನ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ ರೈಲಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದರು. ಬಾ ಎಂದು ಕರೆದ ಮೇಷ್ಟ್ರೊಬ್ಬರು ಬೆಂಗಳೂರಿನಲ್ಲಿ ಇದ್ದರು. ಮುಂದೆ ಅವರು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು, ಹಿಂದಿರುಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಕರೆಯುವವರೊಬ್ಬರು ಇದ್ದರೆ ಐವತ್ತು ಮೈಲಿಯನ್ನೂ ನಡೆಯುವ ಮಕ್ಕಳು ನಮ್ಮಲ್ಲಿದ್ದಾರೆ. ಇಂದು ಕರೆಯುವವರು ಯಾರು?

ಬಡವರ ತೆರಿಗೆಯ ಹಣದಲ್ಲಿ ಓದಿ ಹೊರದೇಶದಲ್ಲಿಯೇ ನಿಲ್ಲುವವರಿಗೆ ನಾವೇಕೆ ನೆರವಾಗಬೇಕೆಂದು ನಮ್ಮ ಗೆಳೆಯರೇ ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇದಕ್ಕೆ ಉತ್ತರ ಹೆಬ್ಬಾಳದಲ್ಲಿಯೇ ಇದೆ. 1964ರಲ್ಲಿ ಅಲ್ಲಿ ಕೃಷಿ ವಿಶ್ವವಿದ್ಯಾನಿಲಯ ಆರಂಭವಾದಾಗ ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾನಿಲಯದ ಸಹಕಾರ ಪಡೆಯಲಾಯಿತು. ಅಲ್ಲಿಯ ಅಧ್ಯಾಪಕರು ಇಲ್ಲಿಗೆ ಬಂದರು, ಇಲ್ಲಿಯವರು ಅಲ್ಲಿಗೆ ಓದಲು ಹೋದರು. ಯಾರು ಹೋಗಬೇಕು, ಏನು ಕಲಿಯಬೇಕು, ಬಂದ ಮೇಲೆ ಎಲ್ಲಿ ಕೆಲಸ ಎಂಬುದೆಲ್ಲ ಒಂದು ಯೋಜನೆಯ ಭಾಗವಾಗಿದ್ದರೆ ಹೋದವನು ಬರುತ್ತಾನೆ. ಬಂದವನಿಗೆ ಇಲ್ಲಿ ಕುರ್ಚಿಯೂ ಇಲ್ಲ, ಪ್ರಯೋಗಶಾಲೆಯೂ ಇಲ್ಲವೆಂದಾದರೆ ಅವನನ್ನು ಬೈದು ಫಲವೇನು? ಅಲ್ಲದೆ, ಸರ್ಕಾರ ಕೈ ಹಿಂದೆಗೆದರೆ ಹೋಗುವವರು ನಿಲ್ಲುವುದಿಲ್ಲ. ಉಳ್ಳವರು ಹೋಗುತ್ತಲೇ ಇರುತ್ತಾರೆ, ಇಲ್ಲದವರು ಮಾತ್ರ ಉಳಿಯುತ್ತಾರೆ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮೊದಲನೆಯದಾಗಿ, ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಸರ್ಕಾರಿ ಕಾಲೇಜುಗಳಲ್ಲಿಯೂ ಪ್ರತಿ ಜಿಲ್ಲಾ ಕೇಂದ್ರದಲ್ಲಿಯೂ ಕಮಿಷನ್ ಮುಟ್ಟದ ಸರ್ಕಾರಿ ಮಾರ್ಗದರ್ಶಕನೊಬ್ಬನಿರಬೇಕು; ಪದವಿಯ ಎರಡನೆಯ ವರ್ಷದಲ್ಲಿಯೇ ಮಕ್ಕಳಿಗೆ ಕನ್ನಡದಲ್ಲಿ ಈ ತಾರೀಖುಗಳನ್ನು ತಿಳಿಸಬೇಕು. ಎರಡನೆಯದಾಗಿ, ಆಯ್ಕೆಯಾದವರಿಗೆ ತರಗತಿ ಆರಂಭಕ್ಕೆ ಮೂರು ತಿಂಗಳು ಮೊದಲೇ ವೇತನದ ಪತ್ರ ಕೈಸೇರಬೇಕು. 'ಹಣ ಒದಗಿದರೆ' ಎಂಬ ಮಾತು ಇರಕೂಡದು. ಮೂರನೆಯದಾಗಿ, ಒಳ್ಳೆಯ ವಿಶ್ವವಿದ್ಯಾನಿಲಯದಲ್ಲಿ ಸೀಟು ಪಡೆದ ಕೂಲಿಕಾರರ, ಸಣ್ಣ ವ್ಯಾಪಾರಿಗಳ ಮಕ್ಕಳ ಸಾಲಕ್ಕೆ ರಾಜ್ಯ ಸರ್ಕಾರವೇ ಜಾಮೀನು ನಿಲ್ಲಬೇಕು. ನಾಲ್ಕನೆಯದಾಗಿ, ಏಜೆಂಟರು ಯಾವ ಕಾಲೇಜಿನಿಂದ ಎಷ್ಟು ಕಮಿಷನ್ ಪಡೆಯುತ್ತಾರೆಂಬುದನ್ನು ಬೋರ್ಡಿನ ಮೇಲೆ ಬರೆಯುವಂತೆ ಕಾನೂನು ಆಗಬೇಕು.

ಇದೆಲ್ಲ ಆಗುವವರೆಗೆ ನಮ್ಮ ವಾಚಕರು ಕೈಕಟ್ಟಿ ಕೂರಬೇಕಾಗಿಲ್ಲ. ಪರಿಶಿಷ್ಟರ ಮಕ್ಕಳು ಸಮಾಜ ಕಲ್ಯಾಣ ಇಲಾಖೆಯಲ್ಲಿ ರಾಜ್ಯದ 'ಪ್ರಬುದ್ಧ' ಯೋಜನೆಯನ್ನೂ, ಹಿಂದುಳಿದ ವರ್ಗದವರು ದೇವರಾಜ ಅರಸು ಅಭಿವೃದ್ಧಿ ನಿಗಮದ ವಿದೇಶ ವ್ಯಾಸಂಗ ಸಾಲವನ್ನೂ ವಿಚಾರಿಸಲಿ. ಜೆ.ಎನ್. ಟಾಟಾ ದತ್ತಿ 1892ರಿಂದ ಹೊರದೇಶದ ಓದಿಗೆ ಸಾಲರೂಪದ ವೇತನ ನೀಡುತ್ತಾ ಬಂದಿದೆ; ಯಶವಂತಪುರದ ಮಗ್ಗುಲಲ್ಲೇ ಇರುವ ಟಾಟಾ ಇನ್‌ಸ್ಟಿಟ್ಯೂಟನ್ನು ದಿನವೂ ಬಸ್ಸಿನಿಂದ ನೋಡುವ ನಮ್ಮವರು ಇದನ್ನು ಕೇಳಿರುವುದು ಕಡಿಮೆ. ಸೀಟಿನ ಪತ್ರ ಬಂದರೆ, ಹಣ ಕಟ್ಟುವ ಮೊದಲು ಆ ವಿಶ್ವವಿದ್ಯಾನಿಲಯಕ್ಕೇ ನೇರವಾಗಿ ಬರೆದು ಪತ್ರ ನಿಜವೇ ಎಂದು ಕೇಳಿ. ಇರುವ ಒಂದೇ ಮನೆಯನ್ನು ಯಾರ ಮಾತಿಗೂ ಬಡ್ಡಿಯವನ ಕೈಗೆ ಬರೆದುಕೊಡಬೇಡಿ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಉಂಟು. ಹೋದ ಮನೆ ಹಿಂದಿರುಗುವುದು ಕಷ್ಟ.

ಕಾರ್ಮಿಕ ಸಂಘಗಳ ಕಚೇರಿಗಳಲ್ಲಿ ತುಟ್ಟಿಭತ್ಯದ ಪಟ್ಟಿ ಗೋಡೆಗೆ ಅಂಟಿಸಿರುತ್ತಾರೆ. ಅದರ ಪಕ್ಕದಲ್ಲಿ ವಿದ್ಯಾರ್ಥಿವೇತನದ ತಾರೀಖುಗಳ ಪಟ್ಟಿಯನ್ನೂ ಅಂಟಿಸಿ ಎಂದು ಸಂಘದ ಗೆಳೆಯರನ್ನು ಕೋರುತ್ತೇವೆ. ತಾರೀಖು ಯಾರು ಹೇಳಬೇಕಾಗಿತ್ತೆಂದು ಇನ್ನೊಬ್ಬ ತಂದೆ ನಮ್ಮ ಕಚೇರಿಯ ಮೆಟ್ಟಿಲು ಹತ್ತುವಂತಾಗಬಾರದು.