ಬೆಳ್ಳಗೆ ತೋರಿಸಿರೆಂಬ ಬೇಡಿಕೆ

ಮದುವೆಯ ಪಟ ತೆಗೆಯುವವರಿಗೆ ಯಾವ ಹವೆ ಅತ್ಯಂತ ಕಷ್ಟದ್ದೆಂದು ನಮ್ಮನ್ನು ಅನೇಕರು ಕೇಳುವುದುಂಟು. ವೈಶಾಖದ ಬಿಸಿಲೇ? ಮೃಗಶಿರೆಯ ಮಳೆಯೇ? ಅನಮೋಡ ಘಟ್ಟದಿಂದ ಇಳಿದು ಬರುವ ಮಂಜೇ? ನಮ್ಮ ಉತ್ತರವನ್ನು ಕೇಳಿ ಅವರು ನಗುತ್ತಾರೆ. ಬಿಸಿಲಿಗೆ ನೆರಳುಂಟು, ಮಳೆಗೆ ಕೊಡೆಯುಂಟು, ಮಂಜಿಗೆ ತಾಳ್ಮೆಯುಂಟು. ಆದರೆ "ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ತೋರಿಸಿರಿ" ಎಂಬ ಮಾತಿಗೆ ನಮ್ಮ ಚೀಲದಲ್ಲಿ ಯಾವ ಉಪಕರಣವೂ ಇಲ್ಲ. ಈ ಬೇಡಿಕೆಯನ್ನು ಖಂಡಿಸುವುದೇ ಈ ಲೇಖನದ ಉದ್ದೇಶ. ಖಂಡನೆಯ ಮೊದಲ ಪೆಟ್ಟು ನಮ್ಮ ಮೇಲೆಯೇ ಬೀಳತಕ್ಕದ್ದು. ಏಕೆಂದರೆ ಬಹುಕಾಲ ಅದಕ್ಕೆ ತಲೆಬಾಗಿದವರು ನಾವೇ.

ಮೊಲೆಂ ನಮ್ಮ ವೃತ್ತಿಯ ಊರು. ಬೆಳಗಾವಿಯಿಂದ ಪಣಜಿಗೆ ಹೋಗುವ ೭೪೮ನೆಯ ರಾಷ್ಟ್ರೀಯ ಹೆದ್ದಾರಿಯು ಅನಮೋಡ ಘಟ್ಟವನ್ನಿಳಿದು ಗೋವೆಯನ್ನು ಸೇರುವಲ್ಲಿ, ಭಗವಾನ್ ಮಹಾವೀರ ಅಭಯಾರಣ್ಯದ ಸೆರಗಿನಲ್ಲಿ ಈ ಊರಿದೆ. ಗಣಿ, ಲಾರಿ, ರಸ್ತೆ, ರೈಲುದಾರಿಗಳ ಕೆಲಸಕ್ಕೆಂದು ಬಿಜಾಪುರ, ಬಾಗಲಕೋಟೆ, ಗದಗ, ಹಾವೇರಿಗಳ ಕಡೆಯಿಂದ ಬಂದು ನಿಂತ ಕನ್ನಡ ಮನೆತನಗಳು ಈ ಸೀಮೆಯಲ್ಲಿ ಹಲವು. ೨೦೧೨ರಲ್ಲಿ ಗಣಿಗಳು ನಿಂತಾಗ ಕೆಲವರು ಊರಿಗೆ ಮರಳಿದರು. ಉಳಿದವರು ಇಲ್ಲಿಯೇ ಮಕ್ಕಳ ಮದುವೆ ಮಾಡಿದರು. ಆ ಮದುವೆಗಳಲ್ಲಿ ಕ್ಯಾಮರಾ ಹಿಡಿದು ನಿಂತ ಅನುಭವವೇ ನಮ್ಮ ವಾದಕ್ಕೆ ಬಂಡವಾಳ.

ಒಂದೊಂದು ಸ್ಥಳದ ಬೆಳಕು ಒಂದೊಂದು ಬಗೆ. ಫೋಂಡೆಯ ಕಡೆಯ ದೇವಸ್ಥಾನಗಳ ಅಂಗಳದಲ್ಲಿ ನಡುಹಗಲಿನ ಬಿಸಿಲು ನೆತ್ತಿಯಿಂದ ಬಿದ್ದು, ಬಾಸಿಂಗದ ನೆರಳು ವಧುವಿನ ಕಣ್ಣುಗಳನ್ನೇ ನುಂಗಿಬಿಡುತ್ತದೆ. ಇಗರ್ಜಿಯ ಒಳಗೆ ಗೋಡೆ ಬಿಳಿ, ವಧುವಿನ ಉಡುಪು ಬಿಳಿ, ವರನ ಕೋಟು ಕಪ್ಪು; ಮೂರನ್ನೂ ಒಂದೇ ಪಟದಲ್ಲಿ ಹಿಡಿಯುವುದು ಸಣ್ಣ ಕೆಲಸವಲ್ಲ. ತಂಪು ಯಂತ್ರವಿರುವ ಸಭಾಗೃಹದಿಂದ ಹೊರಗಿನ ಸೆಕೆಗೆ ಬಂದೊಡನೆ ಮಸೂರದ ಮೇಲೆ ಹನಿ ಕಟ್ಟಿ ಹತ್ತು ನಿಮಿಷ ಏನೂ ಕಾಣದು. ಅಷ್ಟರಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರವೇ ಮುಗಿದಿರುತ್ತದೆ. ಇನ್ನು ಕೂಲಿಕಾರರ ಗುಡಿಸಲುಗಳ ನಡುವಿನ ಚಪ್ಪರ! ಅಲ್ಲಿ ಮೇಲೆ ಕಟ್ಟಿದ್ದು ನೀಲಿ ತಾಡಪಾಲು. ಅದರಡಿ ಕುಳಿತವರೆಲ್ಲರ ಮುಖವೂ ನೀಲಿ. ಮಳೆಗಾಲದಲ್ಲಿ ಸಲಕರಣೆಯನ್ನು ಬೆಚ್ಚಗೆ, ಒಣಗಿಸಿ ಇಡದಿದ್ದರೆ ಮಸೂರದೊಳಗೆ ಬೂಷ್ಟು ಬೆಳೆಯುತ್ತದೆ. ಇವೆಲ್ಲವೂ ಕಷ್ಟಗಳೇ, ಆದರೆ ಕಲಿತರೆ ನೀಗುವ ಕಷ್ಟಗಳು.

ಇಲ್ಲಿ ಯಂತ್ರದ ಒಂದು ಗುಟ್ಟನ್ನು ವಿದ್ಯಾರ್ಥಿಮಿತ್ರರಿಗೆ ಹೇಳಬೇಕು. ಕ್ಯಾಮರಾದೊಳಗೆ ಬೆಳಕನ್ನಳೆಯುವ ಮಾಪಕವೊಂದಿದೆ. ತನ್ನೆದುರು ಇರುವುದೆಲ್ಲವೂ ಒಟ್ಟಿನಲ್ಲಿ ನಡುಬೂದು ಬಣ್ಣದ್ದೆಂದು ಅದು ಎಣಿಸುತ್ತದೆ. ಬಿದ್ದ ಬೆಳಕಿನಲ್ಲಿ ಶೇಕಡಾ ೧೮ರಷ್ಟನ್ನು ಹಿಂದಿರುಗಿಸುವ ಬೂದಿಯೇ ಛಾಯಾಗ್ರಾಹಕರು ಬಹುಕಾಲದಿಂದ ಬಳಸುತ್ತ ಬಂದ ಅಳತೆಗೋಲು. ಬಿಳಿಗೋಡೆಯ ಮುಂದೆ ಕಪ್ಪುಮೈಯ ವಧುವನ್ನು ನಿಲ್ಲಿಸಿದರೆ, ಬೆಳಕು ವಿಪರೀತವಾಯಿತೆಂದು ಭ್ರಮಿಸಿ ಮಾಪಕವು ಅದನ್ನು ತಗ್ಗಿಸುತ್ತದೆ. ಗೋಡೆ ಬೂದಾಗುತ್ತದೆ, ಮುಖ ಮಸಿಯಾಗುತ್ತದೆ. ಈಗಿನ ಯಂತ್ರಗಳು ಮುಖವನ್ನು ಗುರುತಿಸಿ ಒಂದಿಷ್ಟು ತಿದ್ದಿಕೊಳ್ಳುತ್ತವೆಯಾದರೂ ಅವುಗಳನ್ನು ಪೂರ್ತಿಯಾಗಿ ನಂಬುವಂತಿಲ್ಲ. ಬಲ್ಲವನು ಮುಖದ ಬಳಿಯ ಬೆಳಕನ್ನೇ ಅಳೆದು, ಮುಖಕ್ಕೆ ತಕ್ಕಷ್ಟು ಬೆಳಕನ್ನು ಒಳಬಿಡುತ್ತಾನೆ. ಆಗ ಕಪ್ಪು ಮುಖದಲ್ಲಿ ಹಣೆಯ ಹೊಳಪು, ಕೆನ್ನೆಯ ಇಳಿಜಾರು, ತುಟಿಯ ಅಂಚು ಎಲ್ಲವೂ ಮೂಡುತ್ತವೆ.

ಬೆಳಕು ಕೊಡುವುದು ಬೇರೆ, ಬಣ್ಣ ಕಳೆಯುವುದು ಬೇರೆ. ಮೊದಲನೆಯದು ನಮ್ಮ ಧರ್ಮ, ಎರಡನೆಯದು ಅಪಚಾರ. ಪಟದಲ್ಲಿ ಮಗಳ ಮುಖ ಮಸಿಯಾಗಿ ಬಂದುದನ್ನು ಕಂಡ ತಾಯಿ "ಬೆಳ್ಳಗೆ ಮಾಡಿರಿ" ಎಂದಾಗ, ಆಕೆ ದೂರುತ್ತಿರುವುದು ಅನೇಕ ವೇಳೆ ನಮ್ಮ ಅಜ್ಞಾನವನ್ನು. ನಾವೋ ನಮ್ಮ ತಪ್ಪನ್ನು ಮಗಳ ಮೈಬಣ್ಣದ ಮೇಲೆ ಹೊರಿಸಿ, ಗಣಕಯಂತ್ರದ ಮುಂದೆ ಕುಳಿತು ಸುಣ್ಣ ಬಳಿಯುತ್ತೇವೆ.

ನಾವು ಬಳಿದ ಸುಣ್ಣದ ಕಥೆಯನ್ನು ಹೇಳಿಬಿಡುತ್ತೇವೆ. ಜೂನ್ ತಿಂಗಳ ಮೊದಲ ವಾರ. ಜ್ಯೇಷ್ಠದ ಕೊನೆಯ ಮುಹೂರ್ತಗಳಲ್ಲೊಂದು. ಬೆಳಗಿನಿಂದಲೇ ಮಳೆ. ಚಪ್ಪರದ ನೀಲಿ ತಾಡಪಾಲಿನಲ್ಲಿ ನೀರು ನಿಂತು ಜೋತುಬಿದ್ದಿತ್ತು. ಹುಡುಗರು ಬಿದಿರುಗಳದಿಂದ ಅದನ್ನು ಎತ್ತಿ ಎತ್ತಿ ನೀರು ಚೆಲ್ಲುತ್ತಿದ್ದರು. ಕರೆಂಟು ಹೋಗಿತ್ತು. ಅಕ್ಕಿಕಾಳು ಬಿದ್ದಮೇಲೆ ನಾವು ವಧೂವರರನ್ನು ಚಪ್ಪರದ ಅಂಚಿಗೆ, ತಾಡಪಾಲಿನ ನೀಲಿ ಮುಗಿದು ಮೋಡದ ಬೆಳಕು ಸಿಗುವಲ್ಲಿಗೆ ಕರೆತಂದು ನಿಲ್ಲಿಸಿದೆವು. ಆಕಾಶಕ್ಕೆಲ್ಲ ಬಿಳಿ ಅರಿವೆ ಕಟ್ಟಿದಂತೆ ಆ ಬೆಳಕು ಎಲ್ಲ ಕಡೆಯಿಂದಲೂ ಸಮನಾಗಿ, ಮೆತ್ತಗೆ ಬರುತ್ತಿತ್ತು. ಸುರಗಿಯಲ್ಲಿ ಮಿಂದು ಬಂದ ಹುಡುಗಿ. ಎಣ್ಣೆಗಪ್ಪು ಮೈ, ಅದರ ಮೇಲೆ ಅರಿಶಿನ ಇನ್ನೂ ಪೂರ್ತಿ ಹೋಗಿರಲಿಲ್ಲ. ಹಿಂದೆ ಮಳೆಯಲ್ಲಿ ತೊಯ್ದ ಕಾಡು. ಅಂಥ ಪಟವನ್ನು ನಾವು ಅದಕ್ಕೆ ಮೊದಲು ತೆಗೆದಿರಲಿಲ್ಲ. ಮಳೆ ಬಂದು ಕೆಲಸ ಕೆಟ್ಟಿತೆಂದು ಎಲ್ಲರೂ ಮರುಗುತ್ತಿದ್ದಾಗ ನಾವೊಬ್ಬರೇ ಒಳಗೊಳಗೆ ಹಿಗ್ಗುತ್ತಿದ್ದೆವು.

ಊಟದ ಹೊತ್ತಿಗೆ ಹುಡುಗಿಯ ತಾಯಿ ನಮ್ಮನ್ನು ಬದಿಗೆ ಕರೆದರು.

"ಅಣ್ಣಾರ, ನಮ್ಮ ಹುಡುಗಿ ಸ್ವಲ್ಪ ಕಪ್ಪದಾಳ. ಫೋಟೋದಾಗ ಬೆಳ್ಳಗ ಮಾಡಿ ಕೊಡ್ರಿ. ಬೀಗರ ಮನ್ಯಾಗ ನಾಕ ಮಂದಿ ನೋಡ್ತಾರ."

"ಆಗಲಿ ಅವ್ವಾ" ಎಂದೆವು. ಹಾಗೆಯೇ ಮಾಡಿಯೂ ಕೊಟ್ಟೆವು. ಗಣಕಯಂತ್ರದಲ್ಲಿ ಅದು ಕ್ಷಣಾರ್ಧದ ಕೆಲಸ. ಅರಿಶಿನ ಹೋಯಿತು, ಹಣೆಯ ಹೊಳಪು ಹೋಯಿತು, ಗಲ್ಲದ ಮೇಲಿನ ಚಿಕ್ಕ ಗಾಯದ ಗುರುತೂ ಹೋಯಿತು. ಪಟದ ಪುಸ್ತಕವನ್ನು ಒಯ್ದು ಕೊಟ್ಟ ದಿನ ಮನೆಯಲ್ಲಿ ಎಲ್ಲರೂ ಸುತ್ತ ಕುಳಿತರು. ಹುಡುಗಿಯ ಅಜ್ಜಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಪುಟ ತಿರುವಿ ಕೇಳಿದರು:

"ಇಕಿ ಯಾರ್ರೀ? ನಮ್ಮ ಹುಡುಗಿ ಪಟ ಎಲ್ಲೈತಿ?"

"ಇಕೀನ ಬೇ ಯವ್ವಾ, ನಿನ್ನ ಮೊಮ್ಮಗಳು."

ಅಜ್ಜಿ ಪಟದ ಕೆನ್ನೆಯ ಮೇಲೆ ಬೆರಳಾಡಿಸಿ, "ನನ್ನ ಮೊಮ್ಮಗಳು ನನ್ನ ಬಣ್ಣದಾಕಿ" ಎಂದರು. ಯಾರೂ ಮಾತನಾಡಲಿಲ್ಲ. ತವರಿಗೆ ಬಂದಿದ್ದ ಹುಡುಗಿ ಚಹದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾವು ಹಣವೆಣಿಸಿಕೊಂಡು ಹಿಂದಿರುಗಿದೆವು. ಆ ಹಣದ ನಾಚಿಕೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಇದು ನಮ್ಮ ಸಣ್ಣ ಊರಿನ ಸಣ್ಣ ದೋಷವೆಂದು ಯಾರೂ ಭಾವಿಸಬಾರದು. ಬಣ್ಣದ ಛಾಯಾಗ್ರಹಣದ ಚರಿತ್ರೆಯಲ್ಲೇ ಈ ದೋಷವಿದೆ. ಅಮೆರಿಕೆಯ ಕೊಡಕ್ ಸಂಸ್ಥೆಯು ೧೯೫೦ರ ದಶಕದಿಂದ ಮುದ್ರಣಶಾಲೆಗಳಿಗೆ ಮಾದರಿ ಚೀಟಿಯೊಂದನ್ನು ಕಳುಹಿಸುತ್ತಿತ್ತು. ಅದರ ಮೇಲೆ ಬಿಳಿಯ ಹೆಂಗಸೊಬ್ಬಳ ಚಿತ್ರ. ಆಕೆಯ ಮೈಬಣ್ಣ ಸರಿಯಾಗಿ ಬಂದರೆ ಎಲ್ಲವೂ ಸರಿಯೆಂದು ಲೆಕ್ಕ. 'ಶರ್ಲಿ ಕಾರ್ಡ್' ಎಂಬ ಹೆಸರಿನಿಂದ ಅದು ಪ್ರಸಿದ್ಧ. ಆ ಅಳತೆಗೆ ಹೊಂದಿಸಿದ ಫಿಲ್ಮಿನಲ್ಲಿ ಬಿಳಿಯ ಮಗುವಿನ ಪಕ್ಕದಲ್ಲಿ ಕಪ್ಪು ಮಗು ಕುಳಿತರೆ, ಕಪ್ಪು ಮಗುವಿನ ಕಣ್ಣು, ಹಲ್ಲುಗಳ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಇದರ ಚರಿತ್ರೆಯನ್ನು ಶೋಧಿಸಿದ ಕೆನಡಾದ ವಿದುಷಿ ಲಾರ್ನಾ ರಾತ್ ಅವರು ೨೦೦೯ರ ಪ್ರಬಂಧದಲ್ಲಿ ಒಂದು ಸ್ವಾರಸ್ಯವನ್ನು ದಾಖಲಿಸಿದ್ದಾರೆ. ಕಂದುಬಣ್ಣದ ಛಾಯೆಗಳನ್ನು ಫಿಲ್ಮು ಚೆನ್ನಾಗಿ ಹಿಡಿಯುವಂತೆ ಮಾಡಲು ಸಂಸ್ಥೆಯನ್ನು ಎಚ್ಚರಿಸಿದವರಲ್ಲಿ ಮುಖ್ಯರು ಚಾಕಲೇಟು ತಯಾರಕರು ಮತ್ತು ಮರದ ಪೀಠೋಪಕರಣದ ವ್ಯಾಪಾರಿಗಳು! ಮನುಷ್ಯರ ಮುಖಕ್ಕಾಗಿ ಬಾರದ ಕನಿಕರ ಮೇಜು ಕುರ್ಚಿಗಳಿಗಾಗಿ ಬಂದಿತು. ಈ ಬಿಳಿಯ ಅಳತೆಗೋಲನ್ನು ನಮ್ಮ ಮೇಲೆ ಬೇರೆಯವರು ಹೇರಿದರೆಂದು ದೂರಿ ಕೈತೊಳೆದುಕೊಳ್ಳೋಣವೆಂದರೆ, ಅದಕ್ಕೂ ಆಸ್ಪದವಿಲ್ಲ. ಇಂದು ಯಂತ್ರಗಳು ಸುಧಾರಿಸಿವೆ; ಅಳತೆಗೋಲನ್ನು ಕೈಬಿಡದವರು ನಾವು.

ನಮ್ಮ ವಾದಕ್ಕೆ ಬರುವ ಆಕ್ಷೇಪಣೆಗಳನ್ನು ಬಲ್ಲೆವು. "ಹಣ ಕೊಡುವವರು ಕೇಳಿದಂತೆ ಮಾಡಿಕೊಡುವುದು ವ್ಯಾಪಾರ" ಎನ್ನುವರು. ಒಪ್ಪಿದೆವು. ಆದರೆ ಮದುವೆಯ ಪಟವು ಬರಿಯ ಸರಕಲ್ಲ, ಸಾಕ್ಷಿ. ಗೋವೆಯಲ್ಲಿ ಮದುವೆಯ ನೋಂದಣಿ ಪೋರ್ಚುಗೀಜರ ಕಾಲದಿಂದಲೂ ಬಂದ ಕಡ್ಡಾಯ ಕಟ್ಟಳೆ. ಆ ನೋಂದಣಿ ಪುಸ್ತಕದಲ್ಲಿ ವಧುವಿನ ಹೆಸರನ್ನು ಬದಲಿಸಿ ಬರೆಯಿರೆಂದು ಯಾವ ತಾಯಿಯೂ ಕೇಳಳು. ಹೆಸರಿಗಿರುವ ಮರ್ಯಾದೆ ಮುಖಕ್ಕೇಕಿಲ್ಲ?

"ತಿದ್ದುವುದು ಹೊಸದೇನಲ್ಲ, ಹಿಂದಿನವರೂ ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ತಿದ್ದುತ್ತಿದ್ದರು" ಎನ್ನುವರು. ನಿಜ. ಅವರು ಮೊಡವೆಯನ್ನು ಮುಚ್ಚುತ್ತಿದ್ದರು, ಸುಕ್ಕನ್ನು ಸಡಿಲಿಸುತ್ತಿದ್ದರು. ಬೆಳ್ಳಗೆ ಮಾಡಿದವರೂ ಇದ್ದಿರಬಹುದು. ಹಳೆಯ ತಪ್ಪಾದ ಮಾತ್ರಕ್ಕೆ ಅದು ಸಂಪ್ರದಾಯವಾಗದು.

"ಒಂದು ಪಟದಿಂದ ಏನಾದೀತು?" ಎಂಬುದು ಮೂರನೆಯ ಪ್ರಶ್ನೆ. ಏನಾಗುವುದೆಂದು ನಾವು ಕಣ್ಣಾರೆ ಕಂಡಿದ್ದೇವೆ. ವರಾನ್ವೇಷಣೆಗೆಂದು ಬೆಳ್ಳಗೆ ಮಾಡಿಸಿದ ಪಟ ಗಂಡಿನ ಮನೆಗೆ ಹೋಗುತ್ತದೆ. ಒಪ್ಪಿಗೆ ಬರುತ್ತದೆ. ಹೆಣ್ಣು ನೋಡಲು ಬಂದವರು ಪಟವನ್ನೂ ಹುಡುಗಿಯನ್ನೂ ಹೋಲಿಸಿ ನೋಡಿ, ಅವಲಕ್ಕಿ ತಿಂದು ಎದ್ದು ಹೋಗುತ್ತಾರೆ. ಸುಳ್ಳು ಹೇಳಿದವರು ನಾವು. ಅದರ ದಂಡ ತೆತ್ತವಳು ಆಕೆ.

ತಾಯಂದಿರನ್ನು ನಾವು ನಿಂದಿಸುತ್ತಿಲ್ಲ. ಅವರ ಬೇಡಿಕೆಯ ಹಿಂದೆ ಶೋಕಿಗಿಂತ ಹೆಚ್ಚಾಗಿ ಭಯವಿದೆ. ಬಿಸಿಲಲ್ಲಿ ಜಲ್ಲಿ ಹೊತ್ತು ಬಂದವರನ್ನು ಈ ನಾಡಿನಲ್ಲಿ 'ಘಾಂಟಿ' ಎಂದು ಕರೆಯುವವರಿದ್ದಾರೆ. ಘಟ್ಟದ ಮೇಲಿನವರೆಂಬ ಅರ್ಥದ ಮಾತು ಹೀಯಾಳಿಕೆಯಾಗಿಬಿಟ್ಟಿದೆ; ಅದನ್ನು ಎಸೆಯುವವರು ಮೊದಲು ನೋಡುವುದು ಮೈಬಣ್ಣವನ್ನು. ಆ ಮಾತು ಮಗಳಿಗೆ ತಾಗದಿರಲೆಂದು ತಾಯಿ ನಮ್ಮಲ್ಲಿಗೆ ಬರುತ್ತಾಳೆ. ಅಂಥವಳಿಗೆ ಧೈರ್ಯ ಕೊಡುವ ಬದಲು ಸುಣ್ಣ ಕೊಟ್ಟರೆ, ಹೀಯಾಳಿಸಿದವನ ಮಾತು ನಿಜವೆಂದು ನಾವೇ ಸಹಿ ಹಾಕಿಕೊಟ್ಟಂತಾಗುವುದಿಲ್ಲವೆ?

ಇನ್ನು ನಮ್ಮ ಭಾಷೆಯ ವಿಷಯ. "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎಂದು ನಾವೆಲ್ಲರೂ ಹೇಳುತ್ತೇವೆ, ಹೊಗಳಿದೆವೆಂದೂ ತಿಳಿಯುತ್ತೇವೆ. ಆ 'ಆದರೂ' ಎಂಬುದೇಕೆ? ದ್ರೌಪದಿಗೆ 'ಕೃಷ್ಣೆ' ಎಂದು ಹೆಸರಿಟ್ಟದ್ದು ಆಕೆಯ ಬಣ್ಣದಿಂದಲೇ. ಅವಳ ಸ್ವಯಂವರಕ್ಕೆ ರಾಜರು ಮುಗಿಬಿದ್ದಾಗ ಯಾರೂ 'ಆದರೂ' ಎನ್ನಲಿಲ್ಲ. ಮೊಲೆಂನಿಂದ ಕೆಲವೇ ಹರದಾರಿ ದೂರದ ತಾಂಬಡಿ ಸುರ್ಲದಲ್ಲಿ ಕದಂಬರ ಕಾಲದ ಮಹಾದೇವ ದೇವಾಲಯವಿದೆ. ಅದರ ಕರಿಗಲ್ಲು ಘಟ್ಟದ ಮೇಲಿನಿಂದ ಬಂದುದೆಂದು ಹೇಳುತ್ತಾರೆ. ಮಳೆಯಲ್ಲಿ ತೊಯ್ದ ಆ ಗೋಡೆಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅದಕ್ಕೆ ಸುಣ್ಣ ಬಳಿಯಿರೆಂದು ಇದುವರೆಗೆ ಯಾರೂ ಹೇಳಿದ್ದಿಲ್ಲ.

ಆ ಅಜ್ಜಿಯ ಮಾತು ಕೇಳಿದ ಮೇಲೆ ನಾವೊಂದು ನಿಯಮ ಮಾಡಿಕೊಂಡೆವು. ಬೆಳಕನ್ನು ಎಷ್ಟು ಬೇಕಾದರೂ ಹುಡುಕುತ್ತೇವೆ: ತಾಡಪಾಲಿನ ಅಂಚಿಗೆ ಕರೆಯುತ್ತೇವೆ, ನಡುಹಗಲಿನಲ್ಲಿ ಜಗಲಿಯ ನೆರಳಿಗೆ ಸರಿಸುತ್ತೇವೆ, ಬಿಳಿ ಪಂಚೆಯೊಂದನ್ನು ಹಿಡಿಸಿ ಮುಖಕ್ಕೆ ಬೆಳಕು ಹಾಯಿಸುತ್ತೇವೆ. ಬಣ್ಣವನ್ನು ಮಾತ್ರ ಮುಟ್ಟುವುದಿಲ್ಲ. ಇದರಿಂದ ಕೆಲವು ಮದುವೆಗಳು ನಮ್ಮ ಕೈತಪ್ಪಿವೆ. ಬೆಳ್ಳಗೆ ಮಾಡಿಕೊಡುವವರು ಬೇಕಾದಷ್ಟು ಜನರಿದ್ದಾರೆ. ಆದರೆ ಪಟ ನೋಡಿದ ಮೇಲೆ, "ಹಿಂಗ ಇರ್ಲಿ ಬಿಡ್ರಿ, ನಮ್ಮ ಹುಡುಗಿ ಚೊಲೊ ಕಾಣ್ತಾಳ" ಎಂದ ತಾಯಂದಿರೂ ಇದ್ದಾರೆ. ಅವರು ಮೊದಲೇ ಕೇಳಬೇಕಾಗಿದ್ದುದು ಅದನ್ನೇ, ಕೊಡಬೇಕಾಗಿದ್ದವರು ನಾವು.

ಕೊನೆಯದಾಗಿ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಚಿತ್ರಕಲೆಯ ತರಗತಿಯಲ್ಲಿ "ಮೈಬಣ್ಣದ ಕಡ್ಡಿ ಕೊಡು" ಎಂದು ಒಬ್ಬ ಹುಡುಗ ಇನ್ನೊಬ್ಬನನ್ನು ಕೇಳುತ್ತಾನೆ. ಅವನು ತೆಗೆದುಕೊಡುವುದು ತೆಳುಗುಲಾಬಿಯ ಕಡ್ಡಿಯನ್ನು. ಇಬ್ಬರ ಕೈಗಳೂ ಕಪ್ಪು! ಅಮೆರಿಕೆಯ ಕ್ರೇಯೋಲಾ ಸಂಸ್ಥೆಯು ತನ್ನ 'ಮೈಬಣ್ಣ'ದ ಕಡ್ಡಿಯ ಹೆಸರನ್ನು ೧೯೬೨ರಲ್ಲಿಯೇ ಬದಲಿಸಿ 'ಪೀಚ್' ಹಣ್ಣಿನ ಹೆಸರಿಟ್ಟಿತು. ನಮ್ಮ ತರಗತಿಗಳಲ್ಲಿ ಆ ಹಳೆಯ ಮಾತು ಇನ್ನೂ ಸಾಯಬೇಕಾಗಿದೆ. ಮುಂದಿನ ಸಲ ಆ ಕಡ್ಡಿ ಕೈಗೆ ಬಂದಾಗ, ಅದನ್ನು ತನ್ನ ತೋಳಿನ ಪಕ್ಕದಲ್ಲಿಟ್ಟು ನೋಡುವಂತೆ ವಿದ್ಯಾರ್ಥಿಗೆ ಹೇಳಿರಿ. ಬೇರೇನೂ ಬೋಧಿಸಬೇಕಾಗಿಲ್ಲ. ಆತ ಕಂದುಬಣ್ಣದ ಕಡ್ಡಿಯನ್ನು ತಾನಾಗಿ ಹುಡುಕಿಕೊಳ್ಳುತ್ತಾನೆ. ಅಂಥ ಮಕ್ಕಳು ಬೆಳೆದು ಮದುವೆಯಾಗುವ ಹೊತ್ತಿಗೆ, ಮಳೆಯಿರಲಿ ಬಿಸಿಲಿರಲಿ, ಪಟ ತೆಗೆಯುವವರ ಕೆಲಸ ಹಗುರಾಗಿರುತ್ತದೆ.