ಮುಖಕ್ಕಾಗಿ ಕೂಗಿದ್ದು ಸಾಕು, ಕುರ್ಚಿಗಾಗಿ ಕೂಗಿ!

2025ರ ಮೇ ತಿಂಗಳನ್ನು ಮರೆತಿರಾ, ಗೆಳೆಯರೇ? ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ರಾಯಭಾರಿ ಎಂದು ಸರ್ಕಾರದ ಆದೇಶ ಹೊರಬಿತ್ತು. ಎರಡು ವರ್ಷಕ್ಕೆ 6 ಕೋಟಿ 20 ಲಕ್ಷ ರೂಪಾಯಿ! ಕನ್ನಡದಲ್ಲಿ ನಟಿಯರೇ ಇರಲಿಲ್ಲವೇ ಎಂದು ಕೂಗಿದೆವು. ನಾನೂ ಕೂಗಿದೆ. ಖಂಡನೆಯ ಕರಪತ್ರ ನನ್ನ ಪ್ರೆಸ್ಸಿನಲ್ಲೇ ಅಚ್ಚಾಯಿತು. ಕಾಗದದ ದುಡ್ಡು ಬಿಟ್ಟು ಒಂದು ಕಾಸೂ ಮುಟ್ಟಲಿಲ್ಲ.

ಆದರೆ ಅವತ್ತು ನಾವ್ಯಾರೂ ಕೇಳದ ಪ್ರಶ್ನೆ ಒಂದಿತ್ತು. ಆ ಜಾಹೀರಾತುಗಳನ್ನು ನಿರ್ದೇಶಿಸುವವರು ಯಾರು? ಕಥೆ ಯಾವ ಭಾಷೆಯಲ್ಲಿ ಹುಟ್ಟುತ್ತದೆ? ಕ್ಯಾಮೆರಾ ಹಿಂದಿನ ಕುರ್ಚಿಯಲ್ಲಿ ಕೂರುವವರಿಗೆ ಕನ್ನಡ ಬರುತ್ತದೆಯೇ?

ಪಾಪ, ಆ ನಟಿಯದೇನು ತಪ್ಪು? ಕರೆದರು, ಬಂದರು. ತಪ್ಪು ನಮ್ಮದು. ನಾವು ಮುಖಕ್ಕಾಗಿ ಜಗಳ ತೆಗೆದೆವು, ಕುರ್ಚಿಯನ್ನು ಬಿಟ್ಟುಕೊಟ್ಟೆವು. ಅಣ್ಣಾವ್ರು ನಂದಿನಿ ಹಾಲಿಗಾಗಿ ಸಂಭಾವನೆ ಪಡೆಯದೆ ಕ್ಯಾಮೆರಾ ಮುಂದೆ ನಿಂತದ್ದು ಎಲ್ಲರಿಗೂ ಗೊತ್ತು. ಆ ಚಿತ್ರ ತೆಗೆದವರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ನೋಡೋಣ!

ಟಿವಿ ಹಾಕಿ. ಬ್ರೇಕಿನಲ್ಲಿ ಬರುವ ಅತ್ತೆ-ಸೊಸೆಯರನ್ನು ನೋಡಿ. ತುಟಿ ಒಂದು ಹೇಳುತ್ತದೆ, ಕಿವಿಗೆ ಇನ್ನೊಂದು ಬೀಳುತ್ತದೆ. ಮುಂಬೈಯಲ್ಲಿ ಹಿಂದಿಯಲ್ಲಿ ತೆಗೆದದ್ದಕ್ಕೆ ಇಲ್ಲಿಯ ದನಿ ಅಂಟಿಸಿದ್ದು. ಸಿನಿಮಾ ಡಬ್ಬಿಂಗ್ ವಿರುದ್ಧ 1960ರ ದಶಕದಿಂದ ಹೋರಾಡಿದ ನಾಡು ಇದು. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯನ್ನೇ ತಪ್ಪು ಎಂದಿತು, ಆ ಬಾಗಿಲೂ ತೆರೆಯಿತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಮೂವತ್ತು ಸೆಕೆಂಡಿನ ಡಬ್ಬಿಂಗು ನಮ್ಮ ನಡುಮನೆಗೇ ಬಂದು ಚಾಪೆ ಹಾಸಿಕೊಂಡು ಕೂತಿತ್ತಲ್ಲ, ಅದನ್ನು ತಡೆದವರು ಯಾರು ಸ್ವಾಮಿ?

ನಾನೂ ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ಮುಂಬೈಯ ಏಜೆನ್ಸಿಯೊಂದು ದೀಪಾವಳಿಗೆ ಕನ್ನಡ ಕರಪತ್ರ ಅಚ್ಚು ಹಾಕಲು ಕಳಿಸಿತು. ಓದಿದೆ: 'ನಿಮ್ಮ ಹಬ್ಬಕ್ಕೆ ನಾಲ್ಕು ಚಂದ್ರಗಳನ್ನು ಹಚ್ಚಿ!' ಮೆರುಗು ಹೆಚ್ಚಿಸುವುದಕ್ಕೆ ಹಿಂದಿಯವರು ನಾಲ್ಕು ಚಂದ್ರ ಹಚ್ಚುತ್ತಾರೆ. ನಮ್ಮಲ್ಲಿ ಯಾರು ಹಚ್ಚುತ್ತಾರೆ? ಫೋನು ಮಾಡಿ ತಪ್ಪು ಎಂದೆ. 'ಅಪ್ರೂವ್ ಆಗಿದೆ, ಇದ್ದ ಹಾಗೆ ಹಾಕಿ' ಎಂದರು. ಹಾಕಿದೆ. ಇಪ್ಪತ್ತು ಸಾವಿರ ಪ್ರತಿ. ಕೂಲಿ ತಗೊಂಡೆ. ಅಪ್ಪ ಮೊಳೆ ಜೋಡಿಸುವಾಗ ಒಂದು ಒತ್ತಕ್ಷರ ತಪ್ಪಿದರೆ ನನ್ನ ಕಿವಿ ಹಿಂಡುತ್ತಿದ್ದರು. ಅವರ ಮಗ ನಾನು ನಾಲ್ಕು ಚಂದ್ರ ಹಚ್ಚಿ ದುಡ್ಡು ಎಣಿಸಿದೆ. ಆ ನಾಚಿಕೆಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಜಾಹೀರಾತು ಎಂದರೆ ಸೋಪು ಮಾರುವ ಕೆಲಸ ತಾನೇ ಎಂದು ಮೂಗು ಮುರಿಯಬೇಡಿ. ಶ್ಯಾಮ್ ಬೆನಗಲ್ 1974ರಲ್ಲಿ 'ಅಂಕುರ್' ಮಾಡುವ ಮುಂಚೆ ಕೈ ಪಳಗಿಸಿಕೊಂಡದ್ದು ಜಾಹೀರಾತಿನಲ್ಲಿ. ಇಂಗ್ಲೆಂಡಿನ ರಿಡ್ಲಿ ಸ್ಕಾಟ್ 1973ರಲ್ಲಿ ಹೋವಿಸ್ ಬ್ರೆಡ್ಡಿಗೆ ಜಾಹೀರಾತು ತೆಗೆದರು. ಸೈಕಲ್ ತಳ್ಳಿಕೊಂಡು ದಿಬ್ಬ ಹತ್ತುವ ಒಬ್ಬ ಹುಡುಗ, ಹಳೇ ಊರಿನ ಕಲ್ಲು ಹಾಸಿದ ಬೀದಿ. ಅಷ್ಟೇ. 1977ರಲ್ಲಿ ಅದೇ ಮನುಷ್ಯನ ಮೊದಲ ಸಿನಿಮಾ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಕೃತಿಯ ಪ್ರಶಸ್ತಿ ಪಡೆಯಿತು. ಜಾಹೀರಾತು ಎಂಬುದು ನಿರ್ದೇಶಕರ ಗರಡಿಮನೆ!

ಆ ಗರಡಿಯಲ್ಲಿ ಹೊಸಬರನ್ನು ಗುರುತಿಸಲು ಹೊರಗಿನವರು ಏನು ಮಾಡಿದ್ದಾರೆ, ಗೊತ್ತೇ? ಜಾಹೀರಾತಿಗೆಂದೇ ಇರುವ ಕಾನ್ ಲಯನ್ಸ್ ಉತ್ಸವ 1954ರಲ್ಲಿ ವೆನಿಸ್‌ನಲ್ಲಿ ಶುರುವಾದದ್ದು. ಅಲ್ಲಿ 1991ರಲ್ಲಿ ಸಾಚಿ ಅಂಡ್ ಸಾಚಿ ಕಂಪನಿ ಹೊಸ ನಿರ್ದೇಶಕರ ಕೆಲಸವನ್ನು ದೊಡ್ಡ ಪರದೆಯಲ್ಲಿ ತೋರಿಸುವ ಪರಿಪಾಠ ಹಾಕಿತು. 1998ರಲ್ಲಿ ಯುರೋಪಿನ ಜಾಹೀರಾತು ಚಿತ್ರ ನಿರ್ಮಾಪಕರ ಒಕ್ಕೂಟ 'ಯಂಗ್ ಡೈರೆಕ್ಟರ್ ಅವಾರ್ಡ್' ಹುಟ್ಟುಹಾಕಿತು. ಗಮನಿಸಿ, ಪ್ರಶಸ್ತಿ ಕೊಡುವವರು ಮಠಾಧೀಶರಲ್ಲ, ಮಂತ್ರಿಗಳಲ್ಲ, ಕೆಲಸ ಕೊಡುವ ನಿರ್ಮಾಪಕರು! ಇಂದು ಚಪ್ಪಾಳೆ ತಟ್ಟಿದವರೇ ನಾಳೆ ಕರೆದು ಕೆಲಸ ಕೊಡಬಲ್ಲವರು. ಪ್ರಶಸ್ತಿಯ ಬೆಲೆ ಇರುವುದು ಅಲ್ಲಿ.

ಹಿಂದಿಯವರಿಗೂ ಕುರ್ಚಿ ಸುಮ್ಮನೆ ಸಿಗಲಿಲ್ಲ. ಒಂದು ಕಾಲಕ್ಕೆ ಮುಂಬೈಯ ಜಾಹೀರಾತು ಲೋಕ ಇಂಗ್ಲಿಷಿನಲ್ಲಿ ಯೋಚಿಸಿ ಹಿಂದಿಗೆ ತರ್ಜುಮೆ ಮಾಡುತ್ತಿತ್ತು. ಜೈಪುರದ ಪೀಯೂಷ್ ಪಾಂಡೆ 1982ರಲ್ಲಿ ಒಗಿಲ್ವಿ ಸೇರಿದರು, ಬೀದಿಯ ಹಿಂದಿಯನ್ನು ಒಳಗೆ ತಂದರು. ಫೆವಿಕಾಲ್ ಜಾಹೀರಾತಿನ ಆ ಬಸ್ಸನ್ನು ನೆನೆಯಿರಿ. ಮರಳುಗಾಡಿನ ದಾರಿ, ಮೇಲೆ ಕೆಳಗೆ ಜೋತುಬಿದ್ದ ಜನ, ಒಬ್ಬರೂ ಬೀಳುವುದಿಲ್ಲ! ಅದರ ನಿರ್ದೇಶಕ ಅವರ ತಮ್ಮ ಪ್ರಸೂನ್ ಪಾಂಡೆ. 2018ರಲ್ಲಿ ಕಾನ್ ಲಯನ್ಸ್ ತನ್ನ ಜೀವಮಾನದ ಗೌರವವನ್ನು ಅಣ್ಣ-ತಮ್ಮ ಇಬ್ಬರಿಗೂ ಕೊಟ್ಟಿತು. 2025ರಲ್ಲಿ ಪೀಯೂಷ್ ತೀರಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಹೊಟ್ಟೆಕಿಚ್ಚಿದೆ. ಇಂಗ್ಲಿಷಿನ ಎದುರು ಅವರು ಮಾಡಿದ್ದನ್ನು ಹಿಂದಿಯ ಡಬ್ಬಿಂಗಿನ ಎದುರು ನಾವು ಯಾಕೆ ಮಾಡಲಿಲ್ಲ?

ಪ್ರಶಸ್ತಿ ಎಂದರೆ ಬರೀ ಬೂಟಾಟಿಕೆ ಎನ್ನುವಿರಾ? ಬೂಟಾಟಿಕೆ ಇದೆ, ಒಪ್ಪುತ್ತೇನೆ. 2025ರಲ್ಲಿ ಬ್ರೆಜಿಲ್‌ನ ಡಿಎಂ9 ಏಜೆನ್ಸಿ ಕಾನ್‌ನಲ್ಲಿ ಗೆದ್ದ ಗ್ರ್ಯಾಂಡ್ ಪ್ರಿ ವಾಪಸಾಯಿತು. ಸ್ಪರ್ಧೆಗೆ ಕಳಿಸಿದ ವಿಡಿಯೋದಲ್ಲಿ ಎಐ ಬಳಸಿ ತಿರುಚಿದ ದೃಶ್ಯಗಳಿದ್ದವು. ಸಿಂಹದ ಬಾಯಲ್ಲೂ ಕಟ್ಟಿಸಿದ ಹಲ್ಲು! ಆದರೆ ತೂಕದಲ್ಲಿ ಮೋಸವಾದರೆ ತಕ್ಕಡಿ ಸರಿಮಾಡುತ್ತೇವೆ, ಸಂತೆಯನ್ನೇ ಮುಚ್ಚುತ್ತೇವೆಯೇ?

ನಮ್ಮ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹುಡುಗನೊಬ್ಬನಿದ್ದಾನೆ. ಪಕ್ಕದ ಬೀದಿಯ ಮುದ್ದೆ ಮೆಸ್ಸಿಗೆ ತನ್ನ ಮೊಬೈಲಿನಲ್ಲೇ ನಲವತ್ತು ಸೆಕೆಂಡಿನ ಜಾಹೀರಾತು ತೆಗೆದ. ಮುದ್ದೆ ನುಂಗಲು ಬಾರದ ಹೊಸ ಅಳಿಯ, ಮಾತಾಡದೆ ನೋಡುವ ಮಾವ. ನೋಡಿ ನಕ್ಕು ನಕ್ಕು ಸಾಕಾಯಿತು. ಅನುವಾದ ಮಾಡಿ ಹುಟ್ಟಿಸಲಾಗದ ನಗು ಅದು. 'ಎಲ್ಲಿಗೆ ಕಳಿಸಲಿ ಅಣ್ಣಾ?' ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಮೊದಲ ಸಿನಿಮಾ ಮಾಡಿದವರಿಗೆ ರಾಜ್ಯ ಪ್ರಶಸ್ತಿ ಇದೆ. ಮೊದಲ ಜಾಹೀರಾತು ಮಾಡಿದವನಿಗೆ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಮೈಸೂರು ಸ್ಯಾಂಡಲ್ ಸರ್ಕಾರದ್ದು, ಅಂದರೆ ನಮ್ಮದು. ನಂದಿನಿ ಈ ನಾಡಿನ ಹಾಲು ಉತ್ಪಾದಕರದ್ದು. ಇವೆರಡೂ ಸೇರಿ ಪ್ರತಿ ವರ್ಷ ಹೊಸ ಜಾಹೀರಾತು ನಿರ್ದೇಶಕರಿಗೆ ಪ್ರಶಸ್ತಿ ಕೊಡಲಿ. ಷರತ್ತು ಮೂರು. ಒಂದು: ಚಿತ್ರ ಕನ್ನಡದಲ್ಲೇ ಹುಟ್ಟಿರಬೇಕು, ಕನ್ನಡದಲ್ಲೇ ಚಿತ್ರೀಕರಣವಾಗಿರಬೇಕು. ಧಾರವಾಡದ್ದೋ ಮಂಡ್ಯದ್ದೋ ಕುಂದಾಪುರದ್ದೋ, ಯಾವ ಕನ್ನಡವಾದರೂ ಸರಿ, ಡಬ್ಬಿಂಗಿಗೆ ಮಾತ್ರ ಪ್ರವೇಶವಿಲ್ಲ. ಎರಡು: ಪ್ರಸಾರವಾದದ್ದು ಬೇರೆ, ಕೈಕಾಸಿನ ಮಾದರಿ ಚಿತ್ರ ಬೇರೆ ವಿಭಾಗ. ಯಾವುದು ಯಾವುದೆಂದು ಎದುರಿಗೇ ಹೇಳಬೇಕು. ಮೂರು: ಗೆದ್ದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಬೇಡ. ಮುಂದಿನ ಜಾಹೀರಾತಿನ ಕೆಲಸ ಕೊಡಿ! ದುಡ್ಡೆಲ್ಲಿದೆ ಎನ್ನಬೇಡಿ. 6 ಕೋಟಿ 20 ಲಕ್ಷದಲ್ಲಿ ತಲಾ 20 ಲಕ್ಷದಂತೆ 31 ಚಿತ್ರ ತೆಗೆಯಬಹುದು. ಲೆಕ್ಕ ಹಾಕಲು ಪಿಯುಸಿ ಸಾಕು.

ನಮ್ಮ ವ್ಯಾಪಾರಿಗಳಿಗೂ ಒಂದು ಮಾತು. ಚಿಕ್ಕಪೇಟೆಯಲ್ಲಿ ಅಂಗಡಿ, ಗಿರಾಕಿ ಕನ್ನಡಿಗರು, ಜಾಹೀರಾತಿಗೆ ಮಾತ್ರ ಮುಂಬೈಯೇ? ಮೊದಲು ಇಲ್ಲಿಯ ಮಕ್ಕಳನ್ನು ಕರೆಯಿರಿ.

ತಮ್ಮಂದಿರೇ, ತಂಗಿಯರೇ, ಬೋರ್ಡಿಗೆ ಮಸಿ ಬಳಿಯುವ ಕೈಯಲ್ಲಿ ಕ್ಯಾಮೆರಾ ಹಿಡಿಯಿರಿ. ಮುಂದಿನ ಸಲ ರಾಯಭಾರಿಯ ಹೆಸರು ಹೊರಬಿದ್ದಾಗ 'ಮುಖ ಯಾರದು' ಎಂದು ಕೇಳುವ ಮೊದಲು 'ನಿರ್ದೇಶಕರು ಯಾರು' ಎಂದು ಕೇಳಿ. ಆ ಪ್ರಶ್ನೆಯ ಕರಪತ್ರವನ್ನೂ ನಾನೇ ಅಚ್ಚು ಹಾಕಿಕೊಡುತ್ತೇನೆ. ಈ ಸಲ ಕಾಗದದ ದುಡ್ಡೂ ಬೇಡ!