ಕನ್ನಡ ಚಳವಳಿಗೆ ಬೆಂಗಳೂರೊಂದೇ ಊರಾ?

ಈ ಸಲ ಸ್ವಲ್ಪ ಜಗಳದ ಬರಹ. ಬೆಂಗಳೂರಿನವರು ಪೂರ್ತಿ ಓದಿ, ಆಮೇಲೆ ಬಯ್ಯಿರಿ.

2023ರ ಡಿಸೆಂಬರ್ 27ರಂದು ಬೆಂಗಳೂರಲ್ಲಿ ನಾಮಫಲಕದ ಗಲಾಟೆ ಆಯ್ತಲ್ಲ, ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ. ಸರಕಾರ ಬಗ್ಗಿತು, 2024ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಬಂತು. ಸಂತೋಷ. ಆ ವಾರ ಕೋಸಗಿಯ ಚಹಾ ಅಂಗಡಿಯಲ್ಲಿ ಪಾಲಕರೊಬ್ಬರು ನನ್ನನ್ನು ಕೇಳಿದರು: "ಸರ್, ಅಲ್ಲಿ ಬೋರ್ಡ್ ಕನ್ನಡ ಆತು. ನಮ್ ಹುಡುಗ ಹತ್ತನೇದು ಮುಗಿಸಿ ಎಲ್ಲಿ ಓದಬೇಕ್ರಿ?" ರಾಯಚೂರಿಗೋ ಗುರುಮಿಠಕಲ್ಲಿಗೋ ಹೋಗಬೇಕು, ಇಲ್ಲಾ ಕನ್ನಡ ಬಿಡಬೇಕು. ಇದನ್ನು ಹೇಳಲು ಬಾಯಿ ಬರಲಿಲ್ಲ.

ಚಳವಳಿ ಒಂದೇ ಊರಲ್ಲಿ ಗಟ್ಟಿಯಾಗಿರಬೇಕು, ಚದುರಿದರೆ ಯಾರೂ ಕೇಳೋದಿಲ್ಲ ಅನ್ನುವ ವಾದ ಇದೆ. ವಿಧಾನಸೌಧ ಅಲ್ಲಿ, ಟಿವಿ ಕ್ಯಾಮೆರಾ ಅಲ್ಲಿ, ದುಡ್ಡೂ ಅಲ್ಲಿ. ಒಪ್ಪಿದೆ. ಆದರೆ ಏಕೀಕರಣ ಎಲ್ಲಿಂದ ಬಂತು ನೆನಪಿದೆಯಾ? ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. 1953ರಲ್ಲಿ ಉಪವಾಸ ಕೂತ ಶಂಕರಗೌಡ ಪಾಟೀಲರದು ಅದರಗುಂಚಿ ಎಂಬ ಹಳ್ಳಿ. ಆ ಏಪ್ರಿಲ್‌ನಲ್ಲಿ ಹೊತ್ತಿ ಉರಿದದ್ದು ಹುಬ್ಬಳ್ಳಿ. ಆಗ ಹಳೆ ಮೈಸೂರಿನ ಎಷ್ಟೋ ದೊಡ್ಡವರಿಗೆ ಏಕೀಕರಣವೇ ಬೇಡವಾಗಿತ್ತು! ನೋವು ಇದ್ದ ಕಡೆ ಚಳವಳಿ ಇತ್ತು, ಅಷ್ಟೆ.

ಅದೇ 1956ರ ವಿಂಗಡಣೆಯಲ್ಲಿ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು, ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಮಕ್ತಲ್, ನಾರಾಯಣಪೇಟೆ ಮೊದಲೇ ಪಾಲಮೂರಿನವು. ನಮ್ಮ ಪರ ಆಗ ಎಷ್ಟು ಮೆರವಣಿಗೆ ಹೊರಟವು? ಕಾಸರಗೋಡಿಗಾದರೂ 1967ರ ಮಹಾಜನ ವರದಿ ಅಂತ ಒಂದು ಕಾಗದ ಇದೆ.

ನಾನು ತೆಲಂಗಾಣ ಚಳವಳಿಯನ್ನು ಕಣ್ಣಾರೆ ಕಂಡವನು. 1969ರಲ್ಲಿ ಅದರ ಕಾವು ಹೆಚ್ಚಾಗಿ ಉಸ್ಮಾನಿಯಾ ವಿದ್ಯಾರ್ಥಿಗಳದ್ದು; ಗುಂಡೇಟು ಬಿದ್ದವು, ರಾಜ್ಯ ಸಿಗಲಿಲ್ಲ. 2011ರಲ್ಲಿ? ಹೈದರಾಬಾದಿನ ಟ್ಯಾಂಕ್ ಬಂಡಿನ ಮೇಲೆ ಮಿಲಿಯನ್ ಮಾರ್ಚ್ ಆಯ್ತು ಸರಿ, ಆದರೆ ಊರೂರಲ್ಲಿ ರಸ್ತೆ ಮೇಲೆ ಒಲೆ ಹೂಡಿ ‘ವಂಟಾವಾರ್ಪು’ ಮಾಡಿದರು. ಸಕಲ ಜನುಲ ಸಮ್ಮೆ 42 ದಿನ ನಡೆಯಿತು. ಮೇಷ್ಟರು, ಬಸ್ಸಿನವರು, ಸಿಂಗರೇಣಿ ಗಣಿ ಕಾರ್ಮಿಕರು ಎಲ್ಲ ಕೆಲಸ ಬಿಟ್ಟರು. ಹೈದರಾಬಾದ್ ಬರೀ ಮೈಕು. ಮಾತು ಬಂದದ್ದು ಕರೀಂನಗರ, ಪಾಲಮೂರಿನಿಂದ. 2014ರ ಜೂನ್ 2ಕ್ಕೆ ರಾಜ್ಯ ಬಂತು.

ಕನ್ನಡಕ್ಕೆ ಮೈಕೇ ಚಳವಳಿ ಆಗಿಬಿಟ್ಟಿದೆ. 1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಊರೂರು ತಿರುಗಿದ್ದರು. ಈಗಿನ ನಾಯಕರಿಗೆ ಮೆಟ್ರೋ ದಾಟಿ ಬರಲು ಪುರುಸೊತ್ತಿಲ್ಲ.

"ಬೆಳಗಾವಿಯಲ್ಲಿ ಸುವರ್ಣಸೌಧ ಕಟ್ಟಿಲ್ಲವೇ?" ಅಂತೀರಿ. 2012ರಲ್ಲಿ ಕಟ್ಟಿದಿರಿ, ಚಳಿಗಾಲದಲ್ಲಿ ಬೀಗ ತೆಗೀತೀರಿ. ಅದರಿಂದ ಆದದ್ದೇನು? ಗಡಿ ಅಂದರೆ ಬೆಳಗಾವಿ ಅಂತಾಯ್ತು. ಜತ್ತ, ಅಕ್ಕಲಕೋಟೆ, ಮಡಕಶಿರಾ, ಮಕ್ತಲ್ ಇವ್ಯಾವುವೂ ಗಡಿಯಲ್ಲ ನಿಮ್ಮ ಲೆಕ್ಕದಲ್ಲಿ! ಎರಡನೇ ಕೇಂದ್ರ ಮಾಡಿದರೂ ಅದೇ ರೋಗ.

ಬೆಂಗಳೂರಿನ ಕಚೇರಿ ಮುಚ್ಚಿ ಅನ್ನುತ್ತಿಲ್ಲ. ಅಲ್ಲಿ ಕೂಗಿರಿ, ಆದರೆ ಏನನ್ನು ಕೂಗಬೇಕು ಅನ್ನೋದನ್ನ ಇಲ್ಲಿಗೆ ಬಂದು ಕೇಳಿಕೊಂಡು ಹೋಗಿ. ಕನ್ನಡ ಶಾಲೆಯ ಖಾಲಿ ಹುದ್ದೆ, ಹತ್ತನೇ ತರಗತಿ ಆದಮೇಲಿನ ಓದು, ಇಲ್ಲಿ ಓದಿದವರಿಗೆ ಅಲ್ಲಿ ನೌಕರಿ. ಮುಂದಿನ ನವೆಂಬರ್ 1ಕ್ಕೆ ಒಂದು ಸಭೆ ಕೃಷ್ಣಾ ಸ್ಟೇಷನ್ನಿನಲ್ಲಿ ಇಡಿ. ರಾಯಚೂರಿನಿಂದ ಹೊಳೆ ದಾಟಿದರೆ ಬಂತು. ಬರುವವರು ಮೊದಲೇ ತಿಳಿಸಿ, ಚಹಾ ನನ್ನದು.